ಸ್ಪ್ಯಾನಿಯಲ್ ಮರಿ ಎಷ್ಟು ದೊಡ್ಡದಾದೀತು?

ಸಾಕುನಾಯಿಗಳ ಕುರಿತ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಏಳು ಪತ್ರಗಳು ಸ್ಪ್ಯಾನಿಯಲ್ ಮರಿಗಳ ಬೆಳವಣಿಗೆಯನ್ನೇ ಕುರಿತವಾದ್ದರಿಂದ ಈ ಬಾರಿ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಕೈಬಿಟ್ಟು, ಪ್ರಶ್ನೆಗಳನ್ನು ಸ್ವಲ್ಪ ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಒಂಬತ್ತು ವಾರದ ಗಂಡು ಮರಿಯೊಂದನ್ನು ಮನೆಗೆ ತಂದಿದ್ದೇವೆ. ಕೊಟ್ಟವರು ‘ಸ್ಪ್ಯಾನಿಯಲ್’ ಎಂದಷ್ಟೇ ಹೇಳಿದರು. ಈಗ 3.2 ಕಿಲೋ ತೂಗುತ್ತಿದೆ. ನಮ್ಮ ಮನೆ ಚಿಕ್ಕದು. ದೊಡ್ಡದಾದ ಮೇಲೆ ಇದರ ಎತ್ತರ, ತೂಕ ಎಷ್ಟಾಗುತ್ತದೆಂದು ಈಗಲೇ ತಿಳಿಯಲು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ಅದಕ್ಕೂ ಮೊದಲು ಅದು ಯಾವ ಸ್ಪ್ಯಾನಿಯಲ್ ಎಂಬುದು ಗೊತ್ತಾಗಬೇಕು. ಸ್ಪ್ಯಾನಿಯಲ್ ಎಂಬುದನ್ನು ಒಂದು ತಳಿಯ ಹೆಸರೆಂದು ತಿಳಿಯುವುದಕ್ಕಿಂತ ಹಲವು ತಳಿಗಳ ಮನೆತನದ ಹೆಸರೆಂದು ತಿಳಿಯುವುದು ಸರಿ. ಆ ಮನೆತನದಲ್ಲಿ ಮಡಿಲಲ್ಲಿ ಮಲಗುವ ನಾಲ್ಕು ಕಿಲೋದ ನಾಯಿಯೂ ಇದೆ, ಎತ್ತಲು ಇಬ್ಬರು ಬೇಕಾಗುವ ಮೂವತ್ತು ಕಿಲೋದ ನಾಯಿಯೂ ಇದೆ. ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಬೆಳೆದು ನಿಂತಾಗ 3.6ರಿಂದ 6.3 ಕಿಲೋ ತೂಗಿದರೆ, ಅದಕ್ಕಿಂತ ತುಸು ದೊಡ್ಡದಾದ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ 5.4ರಿಂದ 8.2 ಕಿಲೋದ ನಡುವೆ ನಿಲ್ಲುತ್ತದೆ. ಜನರು ಸಾಮಾನ್ಯವಾಗಿ ‘ಕಾಕರ್’ ಎಂದು ಕರೆಯುವ ಇಂಗ್ಲಿಷ್ ಕಾಕರ್ ಸ್ಪ್ಯಾನಿಯಲ್‌ನ ಗಂಡು 39ರಿಂದ 41 ಸೆಂಟಿಮೀಟರ್, ಹೆಣ್ಣು 38ರಿಂದ 39 ಸೆಂಟಿಮೀಟರ್ ಎತ್ತರವಿದ್ದು, ತೂಕ 13ರಿಂದ 14.5 ಕಿಲೋ ಇರಬೇಕೆಂಬುದು ತಳಿಯ ಅಳತೆಗೋಲು. ಅಮೆರಿಕನ್ ಕಾಕರ್ ಇದಕ್ಕಿಂತ ಗಿಡ್ಡ. ಗಂಡಿಗೆ ಸುಮಾರು 38, ಹೆಣ್ಣಿಗೆ ಸುಮಾರು 35.5 ಸೆಂಟಿಮೀಟರ್ ಎತ್ತರ. ಇಂಗ್ಲಿಷ್ ಸ್ಪ್ರಿಂಗರ್ 48ರಿಂದ 51 ಸೆಂಟಿಮೀಟರ್ ಎತ್ತರಕ್ಕೆ ಬೆಳೆದು 18ರಿಂದ 23 ಕಿಲೋ ತೂಗುತ್ತದೆ. ಕ್ಲಂಬರ್ ಸ್ಪ್ಯಾನಿಯಲ್‌ನ ಗಂಡಾದರೆ ಎತ್ತರದಲ್ಲಿ ಸ್ಪ್ರಿಂಗರ್‌ಗಿಂತ ಹೆಚ್ಚೇನೂ ಇರದಿದ್ದರೂ ದಪ್ಪ ಮೂಳೆ, ಉದ್ದ ಮೈಯಿಂದಾಗಿ 29.5ರಿಂದ 34 ಕಿಲೋವರೆಗೆ ಹೋಗುತ್ತದೆ. ಈ ಎತ್ತರಗಳೆಲ್ಲ ನೆಲದಿಂದ ಹೆಗಲ ಮೂಳೆಗಳ ಮೇಲ್ತುದಿಯವರೆಗಿನವು. ತಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಕಾಕರ್ ಯಾವುದು, ಸ್ಪ್ರಿಂಗರ್ ಯಾವುದು ಎಂಬುದನ್ನು ತೀರ್ಮಾನಿಸುತ್ತಿದ್ದುದು ತಕ್ಕಡಿ. ಒಂದೇ ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಬೆಳೆದ ಮೇಲೆ 25 ಪೌಂಡಿನೊಳಗೆ, ಅಂದರೆ ಸುಮಾರು 11.3 ಕಿಲೋದೊಳಗೆ ಉಳಿದದ್ದು ಕಾಕರ್ ಎನಿಸಿಕೊಳ್ಳುತ್ತಿತ್ತು. ಅದನ್ನು ಮೀರಿ ಬೆಳೆದ ಒಡಹುಟ್ಟು ಬೇರೆ ಹೆಸರು ಪಡೆಯುತ್ತಿತ್ತು. ನಾಯಿ ತಳಿಗಳನ್ನು ದಾಖಲಿಸುವ ಅಲ್ಲಿನ ಸಂಸ್ಥೆಯಾದ ಕೆನಲ್ ಕ್ಲಬ್ ಈ ತೂಕದ ಗಡಿಯನ್ನು 1901ರಲ್ಲಿ ತೆಗೆದುಹಾಕಿತು, ಮರುವರ್ಷ ಸ್ಪ್ರಿಂಗರ್ ಅನ್ನು ಪ್ರತ್ಯೇಕ ತಳಿಯೆಂದು ಮಾನ್ಯ ಮಾಡಿತು. ಇಂದಿಗೂ ಕೆಲವು ಕಾಕರ್‌ಗಳು ಅಳತೆಗೋಲನ್ನು ಮೀರಿ ಬೆಳೆಯುವುದನ್ನು ಕಂಡಾಗ ನನಗೆ ಈ ಹಳೆಯ ನಂಟು ನೆನಪಾಗುತ್ತದೆ.

ಇನ್ನು ತಮ್ಮ ಮರಿಯ ವಿಷಯ. ಒಂಬತ್ತು ವಾರಕ್ಕೆ 3.2 ಕಿಲೋ ತೂಗುವ ಮರಿ ಕ್ಯಾವಲಿಯರ್ ಆಗಿರುವ ಸಂಭವ ಕಡಿಮೆ, ಏಕೆಂದರೆ ಆ ವಯಸ್ಸಿಗೆ ಅದು ಎರಡು ಕಿಲೋ ಆಸುಪಾಸಿನಲ್ಲಿರುತ್ತದೆ. ಸ್ಪ್ರಿಂಗರ್ ಮರಿಯಾದರೆ ಈ ವೇಳೆಗೆ ನಾಲ್ಕು ಕಿಲೋ ದಾಟಿರುವುದೇ ಹೆಚ್ಚು. ಹಾಗಾಗಿ ಕಾಕರ್ ಎಂದು ಊಹಿಸಲು ಎಡೆಯಿದೆ. ಮುಖವನ್ನು ಪಕ್ಕದಿಂದ ನೋಡಿ. ಹಣೆ ಮತ್ತು ಮೂತಿ ಸೇರುವ ತಗ್ಗಿನಿಂದ ಮೂಗಿನ ತುದಿಯವರೆಗಿನ ಉದ್ದವು ತಲೆಬುರುಡೆಯ ಉದ್ದಕ್ಕೆ ಹೆಚ್ಚುಕಡಿಮೆ ಸಮನಾಗಿ ಬೆಳೆಯುವುದು ಇಂಗ್ಲಿಷ್ ಕಾಕರ್‌ನ ಲಕ್ಷಣ. ಮೂತಿ ತಲೆಬುರುಡೆಯ ಅರ್ಧದಷ್ಟೇ ಇದ್ದು, ನೆತ್ತಿ ಗುಮ್ಮಟದಂತೆ ಉಬ್ಬಿ, ಕಣ್ಣುಗಳು ದುಂಡಾಗಿ ಕಾಣುವುದು ಅಮೆರಿಕನ್ ಕಾಕರ್‌ನ ಲಕ್ಷಣ. ಎಳೆಯ ಮರಿಗಳ ಮೂತಿ ಎಲ್ಲ ತಳಿಗಳಲ್ಲೂ ಮೊಂಡಾಗಿರುವುದರಿಂದ ಈ ಹೋಲಿಕೆ ಮೂರು ನಾಲ್ಕು ತಿಂಗಳಾದ ಮೇಲೆ ಹೆಚ್ಚು ನಂಬಲರ್ಹವಾಗುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿಯೆಂದರೆ ತಂದೆ ತಾಯಿ. ಮರಿ ಕೊಟ್ಟವರ ಬಳಿ ತಾಯಿನಾಯಿಯಾದರೂ ಇದ್ದೇ ಇರುತ್ತದೆ. ಒಮ್ಮೆ ಹೋಗಿ ಅದರ ಎತ್ತರವನ್ನು ಅಳೆದು, ತೂಕ ಕೇಳಿ ಬನ್ನಿ. ತಂದೆಯ ಅಳತೆಯೂ ಸಿಕ್ಕಿದರೆ ಮತ್ತೂ ಒಳ್ಳೆಯದು. ಗಂಡು ಮರಿ ಸಾಮಾನ್ಯವಾಗಿ ತಂದೆಯ ಅಳತೆಯ ಹತ್ತಿರಕ್ಕೂ ಹೆಣ್ಣು ಮರಿ ತಾಯಿಯ ಅಳತೆಯ ಹತ್ತಿರಕ್ಕೂ ಬಂದು ನಿಲ್ಲುತ್ತವೆ. ತಂದೆ ತಾಯಿ ಬೇಟೆಯ ಕೆಲಸಕ್ಕಾಗಿ ಬೆಳೆಸಿದ ಸಾಲಿನವೋ ಪ್ರದರ್ಶನಕ್ಕಾಗಿ ಬೆಳೆಸಿದ ಸಾಲಿನವೋ ಎಂಬುದನ್ನೂ ಕೇಳಿ. ಕೆಲಸದ ಸಾಲಿನ ಕಾಕರ್ ಮತ್ತು ಸ್ಪ್ರಿಂಗರ್‌ಗಳು ಪ್ರದರ್ಶನದ ನಾಯಿಗಳಿಗಿಂತ ಹಗುರ, ಅವುಗಳ ಕೂದಲೂ ಕಡಿಮೆ. ಅವುಗಳ ಅಳತೆಯಲ್ಲಿ ಏರುಪೇರೂ ಹೆಚ್ಚು.

ಪ್ರಶ್ನೆ: ನಮ್ಮ ಇಂಗ್ಲಿಷ್ ಕಾಕರ್ ಹೆಣ್ಣು ಮರಿಗೆ ನಾಲ್ಕು ತಿಂಗಳು ತುಂಬಿದೆ, 6.4 ಕಿಲೋ ಇದೆ. ಯಾವ ತಿಂಗಳಲ್ಲಿ ಎಷ್ಟು ಬೆಳೆಯಬೇಕು, ಯಾವಾಗ ಬೆಳವಣಿಗೆ ನಿಲ್ಲುತ್ತದೆ ಎಂಬುದನ್ನು ವಿವರವಾಗಿ ತಿಳಿಸುವಿರಾ?

ಉತ್ತರ: ತಮ್ಮ ಮರಿ ಸರಿಯಾದ ದಾರಿಯಲ್ಲಿದೆ. ಕಾಕರ್ ಗಾತ್ರದ ನಾಯಿಗಳು ನಾಲ್ಕು, ನಾಲ್ಕೂವರೆ ತಿಂಗಳ ವೇಳೆಗೆ ತಮ್ಮ ಪೂರ್ಣ ತೂಕದ ಅರ್ಧವನ್ನು ಮುಟ್ಟಿರುತ್ತವೆ ಎಂಬುದು ಅನುಭವಿಗಳು ಹಿಡಿಯುವ ಒರಟು ಲೆಕ್ಕ. ಆ ಪ್ರಕಾರ ತಮ್ಮ ನಾಯಿ ಹನ್ನೆರಡೂವರೆ, ಹದಿಮೂರು ಕಿಲೋ ಸುತ್ತ ನಿಂತೀತು. ಕ್ಯಾವಲಿಯರ್‌ನಂತಹ ಚಿಕ್ಕ ತಳಿಗಳು ಈ ಅರ್ಧದ ಗೆರೆಯನ್ನು ಸ್ವಲ್ಪ ಮೊದಲೇ ದಾಟುತ್ತವೆ, ಸ್ಪ್ರಿಂಗರ್ ಮತ್ತು ಕ್ಲಂಬರ್ ಸ್ವಲ್ಪ ತಡವಾಗಿ ದಾಟುತ್ತವೆ.

ಹುಟ್ಟಿದಾಗ ಕಾಕರ್ ಮರಿ ಅಂಗೈಯಲ್ಲಿ ಹಿಡಿಸುವಷ್ಟು, 200ರಿಂದ 300 ಗ್ರಾಂ ಮಾತ್ರ ಇರುತ್ತದೆ. ಏಳರಿಂದ ಹತ್ತು ದಿನಗಳಲ್ಲಿ ಆ ತೂಕ ಇಮ್ಮಡಿಯಾಗುತ್ತದೆ. ಎರಡನೆಯ ವಾರದ ಕೊನೆಗೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದಿಂದ ಹಾಲುಹಲ್ಲು ಮೂಡತೊಡಗುತ್ತವೆ. ಎಂಟು ವಾರಕ್ಕೆ ಎರಡೂವರೆಯಿಂದ ಮೂರೂವರೆ ಕಿಲೋ ಆಗಿರುವ ಮರಿ ಅಲ್ಲಿಂದ ನಾಲ್ಕು ತಿಂಗಳವರೆಗೆ ವಾರಕ್ಕೆ ಸುಮಾರು 400 ಗ್ರಾಂನಂತೆ ಏರುತ್ತದೆ. ನಾಲ್ಕರಿಂದ ಆರು ತಿಂಗಳವರೆಗೆ ಆ ವೇಗ 300 ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ಆರರಿಂದ ಒಂಬತ್ತು ತಿಂಗಳವರೆಗೆ ಅದರ ಅರ್ಧಕ್ಕೆ ಬರುತ್ತದೆ. ಆರು ತಿಂಗಳಿಗೆ ಒಂಬತ್ತು, ಹತ್ತು ಕಿಲೋ, ಒಂಬತ್ತು ತಿಂಗಳಿಗೆ ಹನ್ನೊಂದು, ಹನ್ನೆರಡು ಕಿಲೋ ಎಂಬುದು ಹೀಗೆ ಕೂಡಿ ಬರುವ ಲೆಕ್ಕ. ಏರಿಕೆ ನಿಧಾನವಾದುದನ್ನು ಕಂಡು ಮರಿ ಸೊರಗಿತೆಂದು ಹೆದರಿ ಊಟ ಹೆಚ್ಚಿಸುವವರು ಬಹಳ ಮಂದಿ. ನಿಧಾನವಾಗಬೇಕಾದುದು ನಿಧಾನವಾಗಿದೆ, ಅಷ್ಟೇ.

ಎತ್ತರ ಮತ್ತು ತೂಕ ಒಟ್ಟಿಗೆ ನಿಲ್ಲುವುದಿಲ್ಲ ಎಂಬುದನ್ನು ಗಮನದಲ್ಲಿಡಬೇಕು. ಕಾಲಿನ ಉದ್ದ ಮೂಳೆಗಳ ಎರಡೂ ತುದಿಗಳ ಹತ್ತಿರ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಪಶುವೈದ್ಯರು ಇದನ್ನು ಗ್ರೋತ್ ಪ್ಲೇಟ್ ಎನ್ನುತ್ತಾರೆ. ಮೂಳೆ ಉದ್ದವಾಗುವುದು ಈ ಪದರದಲ್ಲಿಯೇ. ಹರೆಯದ ಹಾರ್ಮೋನುಗಳ ಪ್ರಭಾವದಿಂದ ಈ ಪದರವೂ ಗಟ್ಟಿ ಮೂಳೆಯಾಗಿ ಬೆಸೆದುಕೊಂಡ ಬಳಿಕ ನಾಯಿ ಒಂದು ಕೂದಲೆಳೆಯಷ್ಟೂ ಎತ್ತರವಾಗುವುದಿಲ್ಲ. ಎಲ್ಲ ಪದರಗಳೂ ಒಂದೇ ದಿನ ಮುಚ್ಚುವುದಿಲ್ಲ. ಮುಂಗಾಲಿನ ಮೊಣಕೈ ಸುತ್ತಲಿನವು ಬೇಗ ಮುಚ್ಚಿಕೊಂಡರೆ, ಭುಜದ ಬಳಿಯವು ಮತ್ತು ಮುಂಗಾಲಿನ ಕೆಳತುದಿಯವು ತಡವಾಗಿ ಮುಚ್ಚುತ್ತವೆ. ಮಧ್ಯಮ ಗಾತ್ರದ ಸ್ಪ್ಯಾನಿಯಲ್‌ಗಳಲ್ಲಿ ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಎತ್ತರದ ಕೆಲಸ ಮುಗಿಯುತ್ತದೆ. ಅಲ್ಲಿಂದ ಒಂದೂವರೆ ವರ್ಷದವರೆಗೆ ಎದೆ ಅಗಲವಾಗುವುದು, ಮಾಂಸಖಂಡ ತುಂಬಿಕೊಳ್ಳುವುದು, ತಲೆ ದೊಡ್ಡವರ ತಲೆಯಂತಾಗುವುದು ನಡೆಯುತ್ತದೆ.

ಸ್ಪ್ಯಾನಿಯಲ್‌ಗಳಿಗೇ ವಿಶೇಷವಾದ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸುತ್ತೇನೆ. ಮುಂಗಾಲಿನ ಮೇಲ್ಭಾಗದ ಮೂಳೆಯು ಮೊಣಕೈಯನ್ನು ಸೇರುವಲ್ಲಿ ಅದರ ತುದಿ ಎರಡು ತುಣುಕುಗಳಾಗಿ ಮೂಡಿ, ಮರಿಗೆ ಎರಡು ಮೂರು ತಿಂಗಳಾಗುವಷ್ಟರಲ್ಲಿ ಒಂದಾಗಿ ಬೆಸೆದುಕೊಳ್ಳುತ್ತದೆ. ಕೆಲವು ಸ್ಪ್ರಿಂಗರ್ ಮತ್ತು ಕಾಕರ್‌ಗಳಲ್ಲಿ ಈ ಬೆಸುಗೆ ಪೂರ್ಣವಾಗದೆ ಸೀಳೊಂದು ಉಳಿದುಬಿಡುತ್ತದೆ. ಆ ನಾಯಿ ಹೊರನೋಟಕ್ಕೆ ಚೆನ್ನಾಗಿಯೇ ಬೆಳೆದಿರುತ್ತದೆ, ಆದರೆ ಮುಂದೊಂದು ದಿನ ಸೋಫಾದಿಂದ ಕೆಳಗೆ ಹಾರಿದಷ್ಟಕ್ಕೇ ಅಲ್ಲಿ ಮೂಳೆ ಮುರಿಯಬಹುದು. ಮರಿಯಾಗಲಿ ಬೆಳೆದ ನಾಯಿಯಾಗಲಿ ಮುಂಗಾಲು ಕುಂಟುವುದು ಕೆಲವು ದಿನಗಳಲ್ಲಿ ಹೋಗದಿದ್ದರೆ, ಉಳುಕಿರಬೇಕೆಂದು ಎಣ್ಣೆ ತಿಕ್ಕುತ್ತ ಕೂರದೆ ಪಶುವೈದ್ಯರಲ್ಲಿ ಮೊಣಕೈ ಪರೀಕ್ಷೆ ಮಾಡಿಸಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಈ ಸೀಳು ತಪ್ಪಿಹೋಗುವುದುಂಟು, ಸಿ.ಟಿ. ಸ್ಕ್ಯಾನ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಪ್ರಶ್ನೆ: ಪಾದಗಳು ದೊಡ್ಡದಾಗಿದ್ದರೆ ಮರಿ ದೊಡ್ಡ ನಾಯಿಯಾಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಬೇರೆ ಬೇರೆ ಗಾತ್ರದ ತಳಿಗಳು ಬೆರೆತ ಮರಿಗಳಲ್ಲಿ ಇದಕ್ಕೆ ಸ್ವಲ್ಪ ಆಧಾರವಿದೆ. ಸ್ಪ್ಯಾನಿಯಲ್‌ಗಳಲ್ಲಿ ಬಹುಮಟ್ಟಿಗೆ ಮೋಸಹೋಗುತ್ತೀರಿ, ಏಕೆಂದರೆ ಬೆರಳುಗಳ ನಡುವೆ ಮತ್ತು ಪಾದದ ಸುತ್ತ ಬೆಳೆಯುವ ಕೂದಲು ಪಾದವನ್ನು ಇರುವುದಕ್ಕಿಂತ ದೊಡ್ಡದಾಗಿ ತೋರಿಸುತ್ತದೆ. ಕಿವಿಯ ಉದ್ದವನ್ನು ನೋಡಿ ಗಾತ್ರ ಹೇಳುವವರೂ ಇದ್ದಾರೆ; ಅದಂತೂ ಜ್ಯೋತಿಷ್ಯ.

ಪ್ರಶ್ನೆ: ಒಂದೇ ಸೂಲಿನ ಇಬ್ಬರು ಹೆಣ್ಣು ಕಾಕರ್ ಮರಿಗಳಲ್ಲಿ ಒಂದನ್ನು ನಾವು, ಇನ್ನೊಂದನ್ನು ನಮ್ಮ ಅಕ್ಕ ತಂದೆವು. ಐದು ತಿಂಗಳಿಗೆ ಅಕ್ಕನ ಮರಿ 8.6 ಕಿಲೋ ಇದೆ, ನಮ್ಮದು 7.1 ಕಿಲೋ. ನಮ್ಮ ಮರಿಯ ಬೆಳವಣಿಗೆ ಕುಂಠಿತವಾಗಿದೆಯೇ?

ಉತ್ತರ: ಬರೀ ಈ ಎರಡು ಅಂಕಿಗಳಿಂದ ಹಾಗೆ ಹೇಳಲಾಗದು. ಒಡಹುಟ್ಟಿದವುಗಳಲ್ಲಿ ಇಷ್ಟು ಅಂತರ ಅಸಾಧಾರಣವೇನಲ್ಲ. ಅಕ್ಕನವರ ಮರಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಇನ್ನೊಂದು ತೊಡಕೂ ಇದೆ: ಅದು ಸರಿಯಾದ ಮೈಕಟ್ಟಿನಲ್ಲಿದೆಯೋ ಅತಿಯಾಗಿ ತಿಂದು ತುಂಬಿಕೊಂಡಿದೆಯೋ ನನಗಾಗಲಿ ತಮಗಾಗಲಿ ತಕ್ಕಡಿ ತಿಳಿಸುವುದಿಲ್ಲ.

ಮರಿಯನ್ನು ಅದರದೇ ಹಿಂದಿನ ತೂಕದೊಂದಿಗೆ ಹೋಲಿಸಿ. ವಾರಕ್ಕೊಮ್ಮೆ ಒಂದೇ ದಿನ, ಊಟಕ್ಕೆ ಮುಂಚೆ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮನೆಯಲ್ಲಿ ಮನುಷ್ಯರು ತೂಗಿಕೊಳ್ಳುವ ಯಂತ್ರವಿದ್ದರೆ ಮರಿಯನ್ನೆತ್ತಿಕೊಂಡು ನಿಂತು ಒಮ್ಮೆ, ಬರಿಗೈಯಲ್ಲಿ ಒಮ್ಮೆ ತೂಗಿ ಕಳೆದರಾಯಿತು. ಸಾಕುಪ್ರಾಣಿಗಳ ಪೋಷಣೆಯನ್ನು ಅಧ್ಯಯನ ಮಾಡುವ ವಾಲ್ಥಮ್ ಸಂಶೋಧನಾ ಕೇಂದ್ರದವರು 2017ರಲ್ಲಿ ನಾಯಿಮರಿಗಳಿಗಾಗಿ ಬೆಳವಣಿಗೆಯ ನಕ್ಷೆಗಳನ್ನು ಪ್ರಕಟಿಸಿದರು. ಮಕ್ಕಳ ತೂಕ ನೋಡುವ ನಕ್ಷೆಗಳಂತೆಯೇ ಇವುಗಳಲ್ಲಿಯೂ ಮೇಲೊಂದು ಕೆಳಗೊಂದು ಹಲವು ಬಾಗುಗೆರೆಗಳಿದ್ದು, ಹನ್ನೆರಡು ವಾರದಿಂದ ಎರಡು ವರ್ಷದವರೆಗೆ ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ, ದೊಡ್ಡದಾದಾಗಿನ ತೂಕಕ್ಕೆ ತಕ್ಕಂತೆ ಬೇರೆ ಬೇರೆ ನಕ್ಷೆಗಳಿವೆ. ಕಾಕರ್‌ಗೆ 9ರಿಂದ 15 ಕಿಲೋ ವರ್ಗದ ನಕ್ಷೆ, ಸ್ಪ್ರಿಂಗರ್‌ಗೆ 15ರಿಂದ 30 ಕಿಲೋ ವರ್ಗದ್ದು. ಮರಿ ಯಾವ ಗೆರೆಯಲ್ಲಿದೆ ಎಂಬುದು ಅಷ್ಟು ಮುಖ್ಯವಲ್ಲ. ಕೆಳಗಿನ ಗೆರೆಯಲ್ಲಿದ್ದರೂ ಅದೇ ಗೆರೆಯ ಜೊತೆಗೆ ಏರುತ್ತ ಹೋಗುತ್ತಿದ್ದರೆ ಅದು ಹುಟ್ಟಿನಿಂದಲೇ ಚಿಕ್ಕದಾಗಿರಬೇಕಾದ ನಾಯಿ. ಒಂದೆರಡು ಗೆರೆಗಳನ್ನು ದಾಟಿ ಕೆಳಗೆ ಜಾರಿದರೆ ಕಾರಣ ಹುಡುಕಬೇಕು, ಮೇಲಕ್ಕೆ ಜಿಗಿದರೂ ಹುಡುಕಬೇಕು.

ಕೆಳಗೆ ಜಾರುವುದಕ್ಕೆ ಮೊದಲ ಕಾರಣ ಜಂತುಹುಳು. ದುಂಡುಹುಳುಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟಬಲ್ಲವು, ಆಮೇಲೆ ಹಾಲಿನ ಮೂಲಕವೂ ದಾಟಬಲ್ಲವು. ಹೊಟ್ಟೆ ಡೊಳ್ಳಾಗಿ, ಬೆನ್ನು ಸಣಕಲಾಗಿ, ಕೂದಲು ಹೊಳಪಿಲ್ಲದೆ ಕಾಣುತ್ತಿದ್ದರೆ ಮೊದಲ ಗುಮಾನಿ ಅವುಗಳ ಮೇಲೇ ಇರಲಿ. ಜಂತುನಾಶಕ ಕೊಟ್ಟು, ಊಟ ಸರಿಯಾಗಿದ್ದರೂ ಮರಿ ಏರದೆ, ಊಟವಾದ ಮೇಲೆ ಮಂಕಾಗಿ ಗೋಡೆಯತ್ತ ನೋಡುತ್ತ ನಿಲ್ಲುವುದೋ ತೂರಾಡುವುದೋ ಕಂಡರೆ ತಡಮಾಡಬೇಡಿ. ಕರುಳಿನಿಂದ ಬರುವ ರಕ್ತ ಯಕೃತ್ತನ್ನು ಹಾಯದೆ ಅಡ್ಡದಾರಿಯಲ್ಲಿ ಹರಿಯುವ ಹುಟ್ಟುದೋಷವೊಂದು ಹೀಗೆ ಕಾಣಿಸಿಕೊಳ್ಳುತ್ತದೆ; ರಕ್ತಪರೀಕ್ಷೆಯಿಂದ ಅದರ ಸುಳಿವು ಸಿಗುತ್ತದೆ. ತಮ್ಮ ಪತ್ರದಲ್ಲಿ ಮರಿ ಆಡುತ್ತದೆ, ತಿನ್ನುತ್ತದೆ, ಚಪ್ಪಲಿ ಕಡಿಯುತ್ತದೆ ಎಂದು ಬರೆದಿದ್ದೀರಿ. ಸದ್ಯಕ್ಕೆ ತೂಕದ ಪುಸ್ತಕವೊಂದು ಸಾಕು.

ಪ್ರಶ್ನೆ: ನಮ್ಮ ಮಾವನವರು ಹಿಂದೆ ದೊಡ್ಡ ನಾಯಿಗಳನ್ನು ಸಾಕಿದವರು. ಚೆನ್ನಾಗಿ ತಿನ್ನಿಸಿ, ಕ್ಯಾಲ್ಸಿಯಂ ಪುಡಿ ಹಾಕಿದರೆ ನಮ್ಮ ಸ್ಪ್ರಿಂಗರ್ ಮರಿ ಇನ್ನೂ ಎತ್ತರ, ಗಟ್ಟಿ ಆಗುತ್ತದೆ ಎನ್ನುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ದಯವಿಟ್ಟು ಮಾಡಬೇಡಿ. ನಾಯಿ ಎಷ್ಟು ಎತ್ತರವಾಗಬೇಕೆಂಬುದು ಹುಟ್ಟುವಾಗಲೇ ಬಹುಪಾಲು ನಿಶ್ಚಯವಾಗಿರುತ್ತದೆ. ಅರೆಹೊಟ್ಟೆಯಲ್ಲಿ ಬೆಳೆಸಿದರೆ ಆ ಎತ್ತರವನ್ನು ಮುಟ್ಟದಿರಬಹುದು, ಆದರೆ ಹೆಚ್ಚು ತಿನ್ನಿಸಿ ಅದನ್ನು ದಾಟಿಸಲಾಗದು. ಹೆಚ್ಚು ತಿನ್ನಿಸಿದರೆ ಅದೇ ಎತ್ತರವನ್ನು ಬೇಗ ಮುಟ್ಟುತ್ತದೆ, ಅಷ್ಟೇ. ಇನ್ನೂ ಮೆತ್ತಗಿರುವ ಕೀಲುಗಳು ಆ ಅವಸರದ ಭಾರವನ್ನು ಹೊರಬೇಕಾಗುತ್ತದೆ.

ಕ್ಯಾಲ್ಸಿಯಂ ವಿಷಯವಂತೂ ಇನ್ನೂ ಸೂಕ್ಷ್ಮ. ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟನ್ನು ಹೀರಿಕೊಂಡು ಉಳಿದುದನ್ನು ಬಿಡುತ್ತದೆ. ಎಳೆಯ ಮರಿಗೆ ಆ ಹಿಡಿತ ಇನ್ನೂ ಬಂದಿರುವುದಿಲ್ಲ, ಕೊಟ್ಟಷ್ಟರಲ್ಲಿ ಹೆಚ್ಚಿನ ಪಾಲು ಒಳಗೆ ಹೋಗಿಬಿಡುತ್ತದೆ. ಮರಿಗಳಿಗೆಂದೇ ತಯಾರಿಸಿದ ಸಮತೂಕದ ಆಹಾರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಬೇಕಾದ ಪ್ರಮಾಣದಲ್ಲೇ ಇರುತ್ತವೆ. ಅದರ ಮೇಲೆ ಪುಡಿ ಸುರಿದರೆ ಮೃದ್ವಸ್ಥಿ ಮೂಳೆಯಾಗುವ ಕ್ರಮವೇ ಕೆಡುತ್ತದೆ. ಈ ಅಪಾಯ ಅತಿ ದೊಡ್ಡ ತಳಿಗಳಲ್ಲಿ ಹೆಚ್ಚು ಎದ್ದುಕಾಣುವುದು ನಿಜ, ಹಾಗೆಂದು ಸ್ಪ್ರಿಂಗರ್‌ಗೆ ಆ ಪುಡಿಯಿಂದ ಲಾಭವೇನೂ ಇಲ್ಲ. ಮನೆಯಲ್ಲೇ ಅಡುಗೆ ಮಾಡಿ ಹಾಕುವುದಾದರೆ ಮಾತು ಬೇರೆ. ಬರೀ ಮಾಂಸ ಮತ್ತು ಅನ್ನದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಅದರಿಂದ ಮೂಳೆಗಳು ಬಾಗುವಷ್ಟು ದುರ್ಬಲವಾಗಬಹುದು. ಆಗ ಎಷ್ಟು ಸೇರಿಸಬೇಕೆಂಬುದನ್ನು ಪಶುವೈದ್ಯರೇ ತೂಕ ನೋಡಿ ನಿರ್ಧರಿಸಲಿ.

ಊಟದ ಪ್ರಮಾಣವನ್ನು ಮರಿಯ ಹಸಿವಿನ ಮೇಲೆ ಬಿಡಲು ಸ್ಪ್ಯಾನಿಯಲ್‌ಗಳಲ್ಲಿ ಆಗುವುದಿಲ್ಲ. ತಟ್ಟೆ ಖಾಲಿಯಾದ ಮೇಲೂ ಆ ಕಣ್ಣುಗಳು ಇನ್ನೂ ಕೇಳುತ್ತಲೇ ಇರುತ್ತವೆ. ದಿನದ ಪಾಲನ್ನು ಮೊದಲೇ ತೂಗಿಟ್ಟು, ಮೂರು ತಿಂಗಳವರೆಗೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತಾಗಿ ಹಂಚಿ. ಮಾವನವರನ್ನು ಒಪ್ಪಿಸಲು ಒಂದು ಪುರಾವೆ ಬೇಕಾದರೆ ಇದನ್ನು ಹೇಳಿ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಡುತ್ತ ಬದುಕಿನುದ್ದಕ್ಕೂ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದ ಗುಂಪಿನದು 11.2 ವರ್ಷ, ಕೀಲುನೋವೂ ಕಡಿಮೆ ತಿಂದವುಗಳಿಗೆ ತಡವಾಗಿ ಬಂದಿತು. ಲ್ಯಾಬ್ರಡಾರ್ ಸ್ಪ್ಯಾನಿಯಲ್ ಅಲ್ಲವೆಂಬುದು ಸರಿ, ಆದರೆ ಹೊಟ್ಟೆಬಾಕತನದಲ್ಲಿ ಎರಡೂ ಹತ್ತಿರದ ನೆಂಟರು.

ಪ್ರಶ್ನೆ: ಎಂಟು ತಿಂಗಳ ನಮ್ಮ ಸ್ಪ್ರಿಂಗರ್ ಗಂಡು ನಾಯಿ ಉದ್ದ ಕಾಲು, ಕಿರಿದಾದ ಎದೆಯ ಕಡ್ಡಿಯಂತೆ ಕಾಣುತ್ತದೆ, ಚಿತ್ರಗಳಲ್ಲಿ ನೋಡುವ ಸ್ಪ್ರಿಂಗರ್‌ನಂತೆ ಇಲ್ಲವೇ ಇಲ್ಲ. ಈಗ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದಿದ್ದೇವೆ. ಅದರಿಂದ ಬೆಳವಣಿಗೆ ನಿಂತು ಹೀಗೇ ಉಳಿದುಬಿಡುತ್ತದೆಯೇ?

ಉತ್ತರ: ಎಂಟು ತಿಂಗಳ ಸ್ಪ್ರಿಂಗರ್ ಕಡ್ಡಿಯಂತೆಯೇ ಇರಬೇಕು. ಕಾಲುಗಳು ತಮ್ಮ ಪಾಲಿನ ಎತ್ತರವನ್ನು ಹೆಚ್ಚುಕಡಿಮೆ ಮುಟ್ಟಿವೆ, ಎದೆಯ ಗೂಡು ಇನ್ನೂ ಅಗಲವಾಗಬೇಕಿದೆ. ಚಿತ್ರದಲ್ಲಿ ಕಾಣುವ ತುಂಬುಮೈ ಎರಡು ವರ್ಷ ತುಂಬಿದ ನಾಯಿಯದು, ಅದರಲ್ಲಿಯೂ ಅರ್ಧ ಕೂದಲಿನದು. ಎದೆ, ಹೊಟ್ಟೆಯಡಿ, ಕಾಲುಗಳ ಹಿಂದೆ ಇಳಿಬೀಳುವ ಉದ್ದ ಕೂದಲು ಪೂರ್ತಿಯಾಗಿ ಬರಲು ಎರಡು ಮೂರು ವರ್ಷವೇ ಬೇಕು.

ಶಸ್ತ್ರಚಿಕಿತ್ಸೆಯ ಬಗ್ಗೆ ಜನರ ನಂಬಿಕೆ ನಿಜಸ್ಥಿತಿಗೆ ತಲೆಕೆಳಗಾಗಿದೆ. ಗ್ರೋತ್ ಪ್ಲೇಟ್ ಮುಚ್ಚುವಂತೆ ಮಾಡುವುದು ಹರೆಯದ ಹಾರ್ಮೋನುಗಳೆಂದು ಮೇಲೆ ಹೇಳಿದೆ. ಎಳೆಯ ವಯಸ್ಸಿನಲ್ಲೇ ಆ ಹಾರ್ಮೋನುಗಳ ಮೂಲವನ್ನು ತೆಗೆದರೆ ಪದರಗಳು ತಡವಾಗಿ ಮುಚ್ಚುತ್ತವೆ, ಮೂಳೆಗಳು ಸ್ವಲ್ಪ ಹೆಚ್ಚೇ ಉದ್ದವಾಗುತ್ತವೆ. ಹಾಗಾಗಿ ನಾಯಿ ಗಿಡ್ಡವಾಗಿ ಉಳಿಯುವ ಭಯವಿಲ್ಲ. ಉದ್ದ ಹೆಚ್ಚಿದರೂ ಗಟ್ಟಿತನ ಹೆಚ್ಚುವುದಿಲ್ಲವಾದ್ದರಿಂದ, ಬೇರೆ ತುರ್ತು ಕಾರಣವಿಲ್ಲದಿದ್ದರೆ ಸ್ಪ್ರಿಂಗರ್ ಗಾತ್ರದ ಗಂಡು ನಾಯಿಗೆ ಒಂದು ವರ್ಷ ತುಂಬುವವರೆಗೆ ಕಾಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೆಣ್ಣು ನಾಯಿಯಾದರೆ ಬೆದೆಗೆ ಬರುವ ಕಾಲ, ಗರ್ಭದ ಸೋಂಕಿನ ಅಪಾಯ ಎಲ್ಲವನ್ನೂ ಕೂಡಿ ಯೋಚಿಸಬೇಕಾಗುತ್ತದೆ. ಅದನ್ನು ತಮ್ಮ ಪಶುವೈದ್ಯರೊಂದಿಗೆ ಕುಳಿತು ತೀರ್ಮಾನಿಸುವುದೇ ಸರಿ.

ಶಸ್ತ್ರಚಿಕಿತ್ಸೆಯ ಬಳಿಕ ಎರಡು ಬದಲಾವಣೆಗಳನ್ನು ನಿರೀಕ್ಷಿಸಿ. ಹಸಿವು ಹೆಚ್ಚುತ್ತದೆ, ಮೈಗೆ ಬೇಕಾದ ಶಕ್ತಿ ಮಾತ್ರ ಕಡಿಮೆಯಾಗುತ್ತದೆ. ಊಟವನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಆರು ತಿಂಗಳಲ್ಲಿ ಕಡ್ಡಿಯ ಚಿಂತೆ ಹೋಗಿ ಪೀಪಾಯಿಯ ಚಿಂತೆ ಬರುತ್ತದೆ. ಇನ್ನೊಂದು, ಸ್ಪ್ಯಾನಿಯಲ್‌ಗಳಲ್ಲಿ ಕೂದಲು ರೇಷ್ಮೆಯ ನುಣುಪನ್ನು ಕಳೆದುಕೊಂಡು ಉಣ್ಣೆಯಂತೆ ದಟ್ಟವಾಗುವುದು ಸಾಮಾನ್ಯ. ಅದರಿಂದ ನಾಯಿ ಇರುವುದಕ್ಕಿಂತ ದಪ್ಪವಾಗಿ ತೋರುತ್ತದೆ, ಬಾಚುವ ಕೆಲಸವೂ ಹೆಚ್ಚುತ್ತದೆ.

ಪತ್ರದ ಕೊನೆಯಲ್ಲಿ ಕೊರಳಪಟ್ಟಿಯ ಬಗ್ಗೆ ಕೇಳಿದ್ದೀರಿ. ಬೆಳೆದ ಮೇಲೆ ಬೇಕಾಗುವ ಅಳತೆಯದನ್ನು ಈಗಲೇ ಕೊಳ್ಳಬೇಡಿ. ಪಟ್ಟಿ ಮತ್ತು ಕೊರಳ ನಡುವೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ಕೊರಳ ಕೂದಲಿನಡಿಯಲ್ಲಿ ಪಟ್ಟಿ ಬಿಗಿದದ್ದು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಒಂದು ವರ್ಷದವರೆಗೂ ವಾರಕ್ಕೊಮ್ಮೆ ಬೆರಳಿಟ್ಟು ನೋಡುತ್ತಿರಿ.

ಪ್ರಶ್ನೆ: ನಮ್ಮ ಇಂಗ್ಲಿಷ್ ಕಾಕರ್ ಗಂಡು ನಾಯಿಗೆ ಮೂರು ವರ್ಷ. ಒಂದೂವರೆ ವರ್ಷಕ್ಕೆ 14 ಕಿಲೋ ಇದ್ದುದು ಈಗ 17.5 ಕಿಲೋ ಆಗಿದೆ. ಎತ್ತರ 40 ಸೆಂಟಿಮೀಟರ್. ಇನ್ನೂ ಬೆಳೆಯುತ್ತಿದೆ ಎಂದು ಮನೆಯವರೆಲ್ಲ ಸಂತೋಷಪಟ್ಟಿದ್ದಾರೆ. ಎಲ್ಲಿಯವರೆಗೆ ಬೆಳೆಯಬಹುದು?

ಉತ್ತರ: ಸಂತೋಷಕ್ಕೆ ಭಂಗ ತರುತ್ತಿರುವುದಕ್ಕೆ ಕ್ಷಮೆಯಿರಲಿ. ತಮ್ಮ ನಾಯಿಯ ಬೆಳವಣಿಗೆ ಮುಗಿದು ಒಂದೂವರೆ ವರ್ಷವಾಯಿತು. ಈಚೆಗೆ ಸೇರಿದ ಮೂರೂವರೆ ಕಿಲೋ ಬೊಜ್ಜು. ಹದಿನಾಲ್ಕು ಕಿಲೋದ ನಾಯಿಗೆ ಅದು ಕಾಲುಭಾಗದ ಹೆಚ್ಚಳ. ಐವತ್ತಾರು ಕಿಲೋದ ಮನುಷ್ಯ ಎಪ್ಪತ್ತು ಕಿಲೋ ಆದಂತೆ ಎಂದುಕೊಂಡರೆ ಅಳತೆ ತಿಳಿಯುತ್ತದೆ.

ಕೂದಲು ಕಣ್ಣನ್ನು ವಂಚಿಸುವುದರಿಂದ ಕೈಯಿಂದ ಪರೀಕ್ಷಿಸಿ. ಒಂದು ಕೈಯನ್ನು ಚಪ್ಪಟೆಯಾಗಿ ಇಟ್ಟು, ಅದರ ಹಿಂಬದಿಯ ಮೂಳೆಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆಲುಬುಗಳು ಹಾಗೆ ಸಿಗಬೇಕು. ಮುಷ್ಟಿ ಬಿಗಿದಾಗ ಗೆಣ್ಣುಗಳು ಸಿಗುವಂತೆ ಎದ್ದು ಸಿಕ್ಕರೆ ನಾಯಿ ತೀರ ಬಡಕಲು, ಅಂಗೈಯಂತೆ ಮೆತ್ತಗಿದ್ದು ಮೂಳೆಯೇ ಸಿಗದಿದ್ದರೆ ಬೊಜ್ಜು. ಸ್ನಾನ ಮಾಡಿಸುವಾಗ ಮೈ ಪೂರ್ತಿ ತೊಯ್ದಿರುವ ಹೊತ್ತಿನಲ್ಲಿ ಮೇಲಿನಿಂದ ನೋಡಿದರೆ ಸೊಂಟವಿದೆಯೋ ಇಲ್ಲವೋ ತಿಳಿಯುತ್ತದೆ.

ತೂಕ ಇಳಿಸುವುದನ್ನು ಆರಂಭಿಸುವ ಮುನ್ನ ರಕ್ತಪರೀಕ್ಷೆ ಮಾಡಿಸಿ, ಏಕೆಂದರೆ ಥೈರಾಯ್ಡ್ ಗ್ರಂಥಿ ಮಂದವಾಗುವ ತೊಂದರೆ ಕಾಕರ್‌ಗಳಲ್ಲಿ ಕಂಡುಬರುವಂಥದು. ಜೊತೆಗೆ ಜಡತನ, ಮೈಯ ಎರಡೂ ಪಕ್ಕ ಸಮನಾಗಿ ಕೂದಲು ಉದುರುವುದು ಇದ್ದರಂತೂ ಆ ಪರೀಕ್ಷೆ ಬೇಕೇ ಬೇಕು. ಅದು ಸರಿಯಿದ್ದರೆ ಉಳಿದುದು ಊಟದ ತಟ್ಟೆಯ ವ್ಯವಹಾರ. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡರಷ್ಟು, ಅಂದರೆ ತಮ್ಮ ನಾಯಿಗೆ 175ರಿಂದ 350 ಗ್ರಾಂ ಇಳಿದರೆ ಸಾಕು. ಅದಕ್ಕಿಂತ ಅವಸರ ಬೇಡ. ಹೀಗೆ ಹದಿನಾಲ್ಕು ಕಿಲೋಗೆ ಮರಳಲು ಮೂರರಿಂದ ಐದು ತಿಂಗಳು ಹಿಡಿಯುತ್ತದೆ. ಮನೆಯಲ್ಲಿ ನಾಯಿಗೆ ಯಾರು ಯಾರು ಏನೇನು ಕೊಡುತ್ತಾರೆಂಬುದನ್ನು ಒಂದು ವಾರ ಬರೆದಿಡಿ. ತಟ್ಟೆಗೆ ಹಾಕಿದ್ದರ ಜೊತೆಗೆ ಮೇಜಿನಡಿ ಕೈಯಿಂದ ಕೊಟ್ಟದ್ದೂ ಆ ಪಟ್ಟಿಯಲ್ಲಿರಲಿ. ಪಶುವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.